ತೊರೆಬಾಯಿಯ ಬಂಡೆ

ಕ್ಯಾಸ್ಕೊ ಕೊಲ್ಲಿ, ನ್ಯೂ ಇಂಗ್ಲೆಂಡ್
ಆಗಸ್ಟ್ 20, 1640

ಮಗಳು ವಿಲ್ಮಟ್‌ಗೆ ಅಪ್ಪನ ಆಶೀರ್ವಾದ.

ಕ್ಯಾಪ್ಟನ್ ಹೆಕ್ಸ್ಟ್ ಒಣಮೀನು ತುಂಬಿಕೊಂಡು ನಾಳಿದ್ದು ಇಂಗ್ಲೆಂಡಿಗೆ, ನಿಮ್ಮ ಬಿಡೆಫರ್ಡಿಗೆ ಹೊರಡುತ್ತಾನೆ. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು. ನಾನು ಆರೋಗ್ಯವಾಗಿದ್ದೇನೆ. ಈ ವರ್ಷ ಬೀವರ್ ತೊಗಲು ಕಡಿಮೆ ಬಂತು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಜಾಸ್ಪರ್ ಕ್ರೌಚ್ ಎಂಬ ಲಂಡನ್ನಿನ ವ್ಯಾಪಾರಿ ಕಳೆದ ವರ್ಷ ಇಲ್ಲಿಗೆ ಬಂದಿಳಿದ. ಅವನ ಕೈಯಲ್ಲಿ ಒಂದು ಸನ್ನದು ಇದೆ. ಈ ಹೊಳೆಯನ್ನು ಒಮ್ಮೆಯೂ ನೋಡದ ಕೆಲವು ದೊಡ್ಡ ಮನುಷ್ಯರು ಲಂಡನ್ನಿನಲ್ಲಿ ಕೂತು ಬರೆದುಕೊಟ್ಟದ್ದು. ಅದರ ಪ್ರಕಾರ ಸಮುದ್ರದಿಂದ ಹಿಡಿದು ಜಲಪಾತದ ಆಚೆಯವರೆಗೂ ಹೊಳೆಯ ಎರಡೂ ದಡ ಅವನದು. ನನ್ನ ಮನೆ, ಜೋಳದ ಹೊಲ, ಜಲಪಾತದ ಹತ್ತಿರ ನಾನು ಕಟ್ಟಿದ ತೊಗಲಿನ ಮಳಿಗೆ, ನಿನ್ನ ಅಮ್ಮನನ್ನು ಮಣ್ಣುಮಾಡಿದ ಜಾಗ ಎಲ್ಲವೂ ಅವನ ಸನ್ನದಿನೊಳಗೆ ಸೇರಿಹೋಗಿವೆ.

ನನ್ನ ಹತ್ತಿರ ಸನ್ನದು ಇಲ್ಲ. 1632ರ ಮೇ ತಿಂಗಳಲ್ಲಿ ಇಲ್ಲಿಯ ಮೂಲ ಜನರ ಮುಖಂಡ ಒಲಮಾನ್ ತನ್ನ ಕೈಯಾರೆ ಒಂದು ಹೆಂಟೆ ಮಣ್ಣು, ಒಂದು ಹಸಿ ರೆಂಬೆ ಕಿತ್ತು ನನ್ನ ಕೈಗೆ ಕೊಟ್ಟ. ನಮ್ಮೂರಿನಲ್ಲಿ ಜಮೀನು ಕೈ ಬದಲಾಯಿಸುವುದು ಹಾಗೆಯೇ. ಆಮೇಲೆ ಎಲ್ಲರೂ ಎಲ್ಲೆ ನಡೆದೆವು. ಎಲ್ಲೆಯ ಬಂಡೆಗೆ ನಿನ್ನನ್ನು ಕುಕ್ಕಿದೆವು. ನನ್ನಪ್ಪ ಬಿಡೆಫರ್ಡಿನಲ್ಲಿ ನನಗೆ ಮಾಡಿದ ಹಾಗೆಯೇ, ಕೈಕಾಲು ಹಿಡಿದು ಎತ್ತಿ, ಬೆನ್ನು ಕಲ್ಲಿಗೆ ತಾಗುವಂತೆ. ಕಾಗದ ಹರಿಯುತ್ತದೆ, ಮರ ಬೀಳುತ್ತದೆ, ನೋವಾದ ಜಾಗವನ್ನು ಮಗು ಮಾತ್ರ ಸಾಯುವವರೆಗೆ ಮರೆಯುವುದಿಲ್ಲ ಎಂದು ಹಿರಿಯರು ಮಾಡಿಟ್ಟ ಪದ್ಧತಿ. ಆ ದಿನ ನಮ್ಮೊಂದಿಗೆ ಬೇರೆ ಮಕ್ಕಳಿರಲಿಲ್ಲ. ಎಂಟು ವರ್ಷದ ನೀನೊಬ್ಬಳೇ ಇದ್ದೆ.

ಸಾಕ್ಷಿಗಿದ್ದವರು ಇಬ್ಬರು. ಒಬ್ಬ ಸಮುದ್ರಪಾಲಾದ. ಇನ್ನೊಬ್ಬ, ಬಡಗಿ ಪಾಸ್ಕೊ, ಈಗ ಕ್ರೌಚನ ಹತ್ತಿರ ಕೆಲಸಕ್ಕಿದ್ದಾನೆ. ಕೇಳಿದರೆ, "ಯಾವ ಕಾಲದ ಮಾತು ಮಾರಾಯ, ನಿನ್ನೆ ಕುಡಿದದ್ದೇ ನೆನಪಿಲ್ಲ ನನಗೆ" ಅನ್ನುತ್ತಾನೆ. ಒಲಮಾನ್ ಕ್ರೈಸ್ತನಲ್ಲ. ಬೈಬಲ್ ಮುಟ್ಟಿ ಪ್ರಮಾಣ ಮಾಡುವ ಹಾಗಿಲ್ಲ, ಆದ್ದರಿಂದ ಅವನ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಉಳಿದವಳು ನೀನು. ಇಲ್ಲಿಯ ಸಾಕೊ ಎಂಬ ಊರಿನ ಕೋರ್ಟಿನಲ್ಲಿ ಕೂರುವವರು ನಮ್ಮ ಬಿಡೆಫರ್ಡ್ ಸೀಮೆಯವರೇ. ಕುಕ್ಕಿಸಿಕೊಂಡ ಬೆನ್ನಿನ ಸಾಕ್ಷಿಗೆ ಎಷ್ಟು ತೂಕವೆಂದು ಅವರಿಗೆ ಗೊತ್ತು.

ನೀನು ಅಲ್ಲಿಯ ಮೇಯರರ ಮುಂದೆ ಹೋಗಿ, ಜಲಪಾತದ ಪಕ್ಕದ ಬಂಡೆಗೆ ನಿನ್ನನ್ನು ಕುಕ್ಕಿದ್ದು ನಿಜ ಎಂದು ಪ್ರಮಾಣ ಮಾಡಿ ಹೇಳಿಕೆ ಬರೆಸು. ಮೊಹರು ಹಾಕಿಸಿ ಕಳಿಸು.

ಈ ವ್ಯಾಜ್ಯ ಗೆದ್ದರೆ ನಿನಗೆ ಇಲ್ಲೊಂದು ಮನೆ ಇರುತ್ತದೆ, ಕರೆಸಿಕೊಳ್ಳುತ್ತೇನೆ. ಸೋತರೆ ಕರೆಸಲು ಜಾಗವೇ ಇರುವುದಿಲ್ಲ.

ನೀನು ಬೀಜ ಊರಿದ್ದ ಸೇಬಿನ ಗಿಡ ಈ ವರ್ಷ ಕಾಯಿ ಬಿಟ್ಟಿದೆ. ಹುಳಿ.

ನಿನ್ನ ತಂದೆ,
ಆಂಬ್ರೋಸ್ ಟಕೆಟ್

*

ಬಿಡೆಫರ್ಡ್
ಫೆಬ್ರವರಿ 9, 1641

ತಮ್ಮ ಆಂಬ್ರೋಸನಿಗೆ ಅಕ್ಕ ಹಾನರ್ ಹೇಳಿ ಬರೆಸಿದ್ದು.

ನನಗೆ ಅಕ್ಷರ ಬರುವುದಿಲ್ಲ ಅಂತ ನಿನಗೆ ಗೊತ್ತೇ ಇದೆ. ಬರೆಯುತ್ತಿರುವವಳು ನಿನ್ನ ಮಗಳು. ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೀಬೇಕು, ನಯ ಮಾಡಬಾರದು ಅಂತ ಮೊದಲೇ ಆಣೆ ಹಾಕಿಸಿದ್ದೇನೆ.

ಅಲ್ಲವೋ ಆಂಬ್ರೋಸ, ಹೆಂಡತಿ ತೀರಿಕೊಂಡಳು, ಕೂಸನ್ನ ನೋಡೋರಿಲ್ಲ, ಎರಡು ವರ್ಷ ಇಟ್ಟುಕೋ ಅಕ್ಕ ಅಂತ ಕಳಿಸಿದೆಯಲ್ಲ, ನಿಮ್ಮ ಕಡೆ ವರ್ಷಕ್ಕೆ ಎಷ್ಟು ತಿಂಗಳಪ್ಪಾ? ಸೊಂಟದುದ್ದ ಇದ್ದವಳು ಈಗ ನನ್ನ ತಲೆ ಮೇಲಿಂದ ಬೀದಿ ನೋಡ್ತಾಳೆ. ಇಷ್ಟು ವರ್ಷದಲ್ಲಿ ನೀನು ಬರೆದ ಕಾಗದ ಎಲ್ಲ ಸೇರಿಸಿ ಒಂದು ಬೋಗುಣಿಗೆ ಹಾಕಿದರೆ ತಳ ಮುಚ್ಚಲ್ಲ. ಈಗ ಕೋರ್ಟು ಅಂದ ಕೂಡಲೇ ಮಗಳ ಬೆನ್ನು ನೆನಪಾಯ್ತಾ? ಕುಕ್ಕಿದವನೂ ನೀನೇ, ಕೊಟ್ಟ ಏಟು ವಾಪಸ್ ಕೊಡು ಅಂತ ಕೇಳೋನೂ ನೀನೇ.

ನಿನ್ನ ಮಗಳು ನನ್ನ ಕುಂಬಾರಿಕೆ ಆವಿಗೆಯಲ್ಲಿ ಕೆಲಸ ಕಲಿತಿದ್ದಾಳೆ. ತಟ್ಟೆಗೆ ಬಿಳಿ ಮಣ್ಣಿನ ಲೇಪ ಹಾಕಿ, ಕಡ್ಡಿಯಲ್ಲಿ ಚಿತ್ರ ಗೀರ್ತಾಳೆ. ಬೇರೆ ಹುಡುಗಿಯರು ಹೂವು ಹಕ್ಕಿ ಗೀರಿದರೆ ಇವಳು ಹೊಳೆ ಗೀರ್ತಾಳೆ. ಹೊಳೆ ಇರೋ ತಟ್ಟೆ ಯಾರು ಕೊಳ್ತಾರೆ? ಊಟ ಕೆಳಗೆ ಹರಿದುಹೋದ ಹಾಗೆ ಕಾಣಲ್ವಾ? ಸೇತುವೆ ಕೆಳಗೆ ಹೆಕ್ಸ್ಟ್‌ನ ಹಡಗು ಕಂಡ ದಿನ ಇವಳ ಕೈಯಿಂದ ಏನಾದರೂ ಒಡೀಲೇಬೇಕು. ಇದನ್ನ ಬರೆಯಲ್ಲ ಅಂತ ಲೇಖನಿ ಕೆಳಗಿಟ್ಟಳು. ಬರಿ ಅಂದೆ. ಬರೆದಳು.

ಅವಳಿಗೆ ಬೇಕಾದರೆ ಪ್ರಮಾಣ ಮಾಡಲಿ, ಬೇಡವಾದರೆ ಬಿಡಲಿ. ನಾನು ಅಡ್ಡ ಬರಲ್ಲ. ನನಗೆ ಮಕ್ಕಳಿಲ್ಲ. ಗಂಡ ಹೋದ ಮೇಲೆ ನನಗೆ ಇರೋದು ಮಣ್ಣು ತಿರುಗಿಸೋ ಈ ತಿಗರಿ, ಈ ಆವಿಗೆ, ಇವಳು. ಇವಳು ಹೊರಟುಹೋದರೆ ನಾನು... ಇದನ್ನ ಬರೀಬೇಡ ವಿಲ್ಮಟ್. ಬರೆದೆಯಾ? ಹಾಳಾದವಳೇ.

ನಿನ್ನ ಅಕ್ಕ,
ಹಾನರ್

ಅಪ್ಪಾ, ಉಳಿದ ಜಾಗದಲ್ಲಿ ನಾನು ಬರೆಯುತ್ತಿದ್ದೇನೆ. ಅತ್ತೆ ಆವಿಗೆ ನೋಡಲು ಹೋಗಿದ್ದಾರೆ.

ನಾನು ಇನ್ನೂ ಮೇಯರರ ಹತ್ತಿರ ಹೋಗಿಲ್ಲ. ನನಗೆ ನೆನಪಿರುವ ಬಂಡೆ ಜಲಪಾತದ ಪಕ್ಕದಲ್ಲಿಲ್ಲ. ಅದು ತುಂಬ ಕೆಳಗೆ, ಚಿಕ್ಕ ತೊರೆ ಬಂದು ಹೊಳೆಗೆ ಸೇರುವ ಬಾಯಲ್ಲಿದೆ. ಕಪ್ಪು ಬಂಡೆ, ನಡುವೆ ಬಿಳಿ ಗೆರೆ. ನನ್ನನ್ನು ಎತ್ತಿದಾಗ ಆಕಾಶ ಕಂಡಿತು, ಕಪ್ಪೆಗಳು ಕೂಗುತ್ತಿದ್ದದ್ದು ಕೇಳಿಸಿತು. ಜಲಪಾತದ ಹತ್ತಿರ ಮನುಷ್ಯರು ಕೂಗಿದರೂ ಕೇಳಿಸುವುದಿಲ್ಲ. ಆ ದಿನ ಎರಡು ಬಂಡೆಗಳಿದ್ದವೇ? ನಾನು ಒಂದನ್ನು ಮರೆತಿದ್ದೇನೆಯೇ? ದಯವಿಟ್ಟು ಬರೆಯಿರಿ. ಸುಳ್ಳು ಪ್ರಮಾಣಕ್ಕೆ ಹೆದರಿ ಮಾತ್ರ ಕೇಳುತ್ತಿಲ್ಲ. ಆ ಬಂಡೆಯನ್ನು ನಾನು ಇಲ್ಲಿ ಪ್ರತಿ ರಾತ್ರಿ ಮಲಗುವ ಮುಂಚೆ ನೋಡುತ್ತೇನೆ. ಅದು ತಪ್ಪಾದರೆ ಉಳಿದದ್ದೆಲ್ಲವೂ ತಪ್ಪಾಗಿರಬಹುದು. ಮನೆಯ ಬಾಗಿಲು ಹೊಳೆಯ ಕಡೆಗಿತ್ತು ಅನ್ನುವುದು ನಿಜವೇ? ಅಮ್ಮನ ಸಮಾಧಿಯ ಮೇಲೆ ನೀವು ಚಿಪ್ಪುಗಳನ್ನು ಜೋಡಿಸಿದ್ದು?

ಒಲಮಾನನ ಅಕ್ಕ ಬದುಕಿದ್ದಾರೆಯೇ? ಆ ದಿನ ನನ್ನನ್ನು ಬೆನ್ನ ಮೇಲೆ ಹೊತ್ತವರು ಅವರು.

ಸೇಬು ಎಷ್ಟು ಹುಳಿ ಎಂದು ನೀವು ಬರೆಯಲಿಲ್ಲ.

ವಿಲ್ಮಟ್

*

ಕ್ಯಾಸ್ಕೊ ಕೊಲ್ಲಿ
ಏಪ್ರಿಲ್ 12, 1641

ಮಗಳು ವಿಲ್ಮಟ್‌ಗೆ,

ಹೆಕ್ಸ್ಟ್ ತಂದ ಕಾಗದ ಓದಿದೆ. ಹೇಳಿಕೆ ಬರುತ್ತದೆಂದು ಕಾದಿದ್ದೆ, ಪ್ರಶ್ನೆಗಳು ಬಂದವು. ಮರದ ದಿಮ್ಮಿ ಒಯ್ಯುವ ಹಡಗೊಂದು ಇವತ್ತು ಹೊರಡುತ್ತಿದೆ, ಅದರಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಕಪ್ಪೆಗಳು ಎಲ್ಲ ಕಡೆ ಕೂಗುತ್ತವೆ. ಆ ದಿನ ನಾವು ತೊರೆಯ ಹತ್ತಿರ ನಿಂತದ್ದು ನಿಜ. ನಿನ್ನನ್ನು ಎಲ್ಲಿ ಎತ್ತಿದೆವೆಂದು ನನಗೆ ಈಗ ಅಷ್ಟು ಸ್ಪಷ್ಟವಿಲ್ಲ. ಆದರೆ ಎಲ್ಲೆ ಮುಗಿದದ್ದು ಜಲಪಾತದಲ್ಲಿ, ಅದರಲ್ಲಿ ನನಗೆ ಅನುಮಾನವಿಲ್ಲ. ಯಾಕೆಂದರೆ ನಾವು ತಿಂದದ್ದು ಅಲ್ಲಿ. ಒಲಮಾನ್ ತನ್ನ ಕೈಯಿಂದಲೇ ಹೊಗೆಯಲ್ಲಿ ಒಣಗಿಸಿದ ಸಾಲ್ಮನ್ ಮೀನು ಮುರಿದು ಮೊದಲು ನಿನಗೆ, ಆಮೇಲೆ ನನಗೆ ಕೊಟ್ಟ. ನಮ್ಮೂರಿನಲ್ಲಿ ಎಲ್ಲೆಕಲ್ಲಿನ ಹತ್ತಿರವಲ್ಲದೆ ಇನ್ನೆಲ್ಲಿ ಕೇಕು, ಬಿಯರ್ ಹಂಚುತ್ತಾರೆ? ನನ್ನಜ್ಜನ ಕಾಲದಿಂದಲೂ ಕುಕ್ಕಿಸಿಕೊಂಡ ಹುಡುಗನ ಬಾಯಿಗೆ ಕೇಕು ಬೀಳುವ ಜಾಗವೇ ಎಲ್ಲೆ. ಅವನು ಒಪ್ಪಿ ಕೊಟ್ಟ, ನಾನು ಒಪ್ಪಿ ತಿಂದೆ.

ನಿನಗೆ ಜಲಪಾತದ ಬೆಲೆ ಗೊತ್ತಿರಬೇಕು. ಮೇಲಿನ ಕಾಡಿನಿಂದ ತೊಗಲು ತರುವ ದೋಣಿಗಳೆಲ್ಲ ಅಲ್ಲಿ ನಿಲ್ಲಲೇಬೇಕು. ದೋಣಿ ಇಳಿಸಿ, ಹೊರೆ ಹೆಗಲಿಗೇರಿಸಿ, ನಡೆದು ಕೆಳಗೆ ಬರಬೇಕು. ಅಲ್ಲಿ ಯಾರು ನಿಂತಿರುತ್ತಾನೋ ತೊಗಲು ಅವನಿಗೆ. ಎಲ್ಲೆ ತೊರೆಯ ಹತ್ತಿರವೇ ಮುಗಿದರೆ ನನ್ನ ಕೈಯಲ್ಲಿ ಉಳಿಯುವುದು ಜೋಳದ ಹೊಲ ಮತ್ತು ಸೊಳ್ಳೆ.

ಕ್ರೌಚನ ಆಳುಗಳು ಮೊನ್ನೆ ಬಂದು ನನ್ನ ಮನೆಯನ್ನೇ ಅಳತೆ ಮಾಡಿದರು. "ಏನು ಮಾಡ್ತಿದ್ದೀರೋ?" ಎಂದು ಕೇಳಿದೆ. "ಯಜಮಾನರು ಇಲ್ಲಿ ಹಂದಿ ಕಟ್ಟಬೇಕು ಅಂತಿದ್ದಾರೆ, ಜಾಗ ಸಾಲುತ್ತೋ ಇಲ್ಲವೋ ನೋಡ್ತಿದ್ದೀವಿ" ಅಂದರು. ಅಕ್ಟೋಬರಿನಲ್ಲಿ ಕೋರ್ಟು ಕೂರುತ್ತದೆ. ಬೇಸಿಗೆ ಕಳೆಯುವುದರೊಳಗೆ ಹೇಳಿಕೆ ನನ್ನ ಕೈ ಸೇರಬೇಕು.

ಮನೆಯ ಬಾಗಿಲು ಹೊಳೆಯ ಕಡೆಗೇ ಇದೆ. ಚಿಪ್ಪುಗಳು ಇವೆ, ಒಂದೆರಡನ್ನು ಬದಲಾಯಿಸಿದ್ದೇನೆ. ಚಳಿಗಾಲದಲ್ಲಿ ಕೆಲಸವಿಲ್ಲದೆ ಪೂರ್ವದ ಕಡೆ ಒಂದು ಕೋಣೆ ಸೇರಿಸಿದೆ. ಹೊಳೆ ಕಾಣುವ ಹಾಗೆ ಕಿಟಕಿ ಇಟ್ಟಿದ್ದೇನೆ. ಅದರಲ್ಲಿ ಈಗ ಜೋಳ ತುಂಬಿದ್ದೇನೆ, ಬೇಕಾದಾಗ ಖಾಲಿ ಮಾಡಬಹುದು.

ಒಲಮಾನನ ಅಕ್ಕ ಇದ್ದಾಳೆ. ನನ್ನನ್ನು ಕಂಡಾಗಲೆಲ್ಲ ಏನೋ ಕೇಳುತ್ತಾಳೆ. ಅವರ ಮಾತು ವ್ಯಾಪಾರಕ್ಕೆ ಬೇಕಾದಷ್ಟು ಮಾತ್ರ ನನಗೆ ಬರುತ್ತದೆ. ಅವಳು ಕೇಳುವುದು ವ್ಯಾಪಾರದ ಮಾತಲ್ಲ.

ನಿನ್ನ ತಂದೆ,
ಆಂಬ್ರೋಸ್ ಟಕೆಟ್

*

ಬಿಡೆಫರ್ಡ್
ಜೂನ್ 8, 1641

ಅಪ್ಪನಿಗೆ ವಿಲ್ಮಟ್ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದ ಮೇಲೆ ಬಹಳ ಯೋಚನೆ ಮಾಡಿದೆ. ಜಲಪಾತ ಅಂತಲೇ ಹೇಳಿಬಿಡೋಣ ಅಂತಲೂ ಅಂದುಕೊಂಡೆ. ಕಿಟಕಿಯಿರುವ ಕೋಣೆಯ ಸಾಲುಗಳನ್ನು ಎಷ್ಟು ಸಲ ಓದಿದೆನೆಂದರೆ, ಅತ್ತೆ ಕಾಗದ ಕಿತ್ತುಕೊಂಡು, "ಅಕ್ಷರ ಸವೆದುಹೋದಾವು, ಬಿಡು" ಅಂದರು.

ಅಷ್ಟರಲ್ಲಿ ವರ್ಷಕ್ಕೊಮ್ಮೆ ಊರಿನ ಎಲ್ಲೆ ಸುತ್ತಿ ನಡೆಯುವ ದಿನ ಬಂತು. ಪಾದ್ರಿಗಳು ಮುಂದೆ, ಬೆತ್ತ ಹಿಡಿದ ಹಿರಿಯರು ಹಿಂದೆ. ನಿಮಗೆ ನೆನಪಿದೆಯಲ್ಲ, ಊರಿನ ಎಲ್ಲೆಕಲ್ಲುಗಳಲ್ಲಿ ಒಂದು ಅತ್ತೆಯ ಗೇಟಿನ ಪಕ್ಕದಲ್ಲೇ ಇದೆ. ಅಲ್ಲಿ ಕೇಕು ಕೊಡುವ ಪಾಳಿ ನಮ್ಮದು. ಕಮ್ಮಾರನ ಮಗನನ್ನು ಎತ್ತಿ ಕುಕ್ಕಿದರು. ಅವನು ಅಳುತ್ತಲೇ ಕೇಕು ತಿಂದ. ತಿಂದು ಮುಗಿಸಿ, "ಇನ್ನೊಂದು ಕೇಕು ಕೊಡೋದಾದರೆ ಇನ್ನೊಂದು ಸಲ ಕುಕ್ಕಿ" ಅಂದ. ಎಲ್ಲರೂ ನಕ್ಕರು. ನಾನು ಮಾತ್ರ ತಟ್ಟೆ ಹಿಡಿದು ಹಾಗೇ ನಿಂತೆ. ಕುಕ್ಕುವುದು ಮತ್ತು ತಿನ್ನಿಸುವುದು ಇಲ್ಲಿ ಒಂದೇ ಕಲ್ಲಿನ ಹತ್ತಿರ ನಡೆಯುತ್ತವೆ. ನಿಮ್ಮ ಮನಸ್ಸಿನಲ್ಲಿಯೂ ಅವೆರಡೂ ಅಂಟಿಕೊಂಡೇ ಇವೆ. ಆ ದಿನ ಅವು ಬೇರೆ ಬೇರೆ ಕಡೆ ನಡೆದವು ಅಪ್ಪಾ.

ನನಗೆ ನೆನಪಿರುವುದನ್ನು ಬರೆಯುತ್ತೇನೆ. ತೊರೆಯ ಬಾಯಲ್ಲಿ ಒಲಮಾನ್ ನಿಮಗೆ ಮಣ್ಣು ಮತ್ತು ರೆಂಬೆ ಕೊಟ್ಟ. ಪಾಸ್ಕೊ ನನ್ನ ಕಾಲು ಹಿಡಿದ, ನೀವು ತೋಳು ಹಿಡಿದಿರಿ. ಕಪ್ಪು ಬಂಡೆಗೆ ಕುಕ್ಕಿದಿರಿ. ನಾನು ಜೋರಾಗಿ ಅತ್ತೆ. ಒಲಮಾನ್ ವ್ಯಾಪಾರದ ಅರೆಬರೆ ಮಾತಿನಲ್ಲಿ ಕೇಳಿದ, "ಈ ಮಗು ಏನು ತಪ್ಪು ಮಾಡಿತು?" ನೀವು ನಕ್ಕು ಹೇಳಿದಿರಿ, "ತಪ್ಪೇನಿಲ್ಲ, ನೆನಪಿರಲಿ ಅಂತ." ಅವನ ಅಕ್ಕ ನನ್ನನ್ನು ನಿಮ್ಮ ಕೈಯಿಂದ ಕಿತ್ತುಕೊಂಡು ಬೆನ್ನ ಮೇಲೆ ಹಾಕಿಕೊಂಡರು. ಒಲಮಾನ್ ಹೊಳೆಯ ಮೇಲುದಾರಿ ಹಿಡಿದ. ನೀವು ಎಲ್ಲೆ ಇನ್ನೂ ಮುಂದಿದೆ ಅಂದುಕೊಂಡು ಹಿಂದೆ ಬಂದಿರಿ. ಅವನು ಎಲ್ಲೆ ತೋರಿಸಲು ನಡೆದದ್ದಲ್ಲ. ಅವರ ಒಲೆಗಳು, ಮೀನು ಒಣಗಿಸುವ ಚಪ್ಪರಗಳು ಇದ್ದದ್ದು ಜಲಪಾತದಲ್ಲಿ. ಅತ್ತ ಮಗುವಿಗೆ ತಿನ್ನಿಸಲು ಕರೆದುಕೊಂಡು ಹೋದದ್ದು, ಅಷ್ಟೇ.

ಮೀನು ಕೊಡುವಾಗ ಅವನು ನನಗೆ ಹೇಳಿದ, "ನಮ್ಮಲ್ಲಿ ನೆನಪಿರಲಿ ಅಂತ ಮಕ್ಕಳಿಗೆ ತಿನ್ನೋಕೆ ಕೊಡ್ತೀವಿ." ನಿಮ್ಮ ಕಡೆ ತಿರುಗಿ ತನ್ನ ಮಾತಿನಲ್ಲೇ ಹೇಳಿದ, "ಮೀನು ಏರುವ ಈ ಜಾಗವನ್ನ ಯಾರೂ ಯಾರಿಗೂ ಕೊಡೋಕಾಗಲ್ಲ. ಹಸಿದವರು ಬರಬೇಕು, ತಿನ್ನಬೇಕು, ಹೋಗಬೇಕು." ಅವನ ಅಕ್ಕನ ಮಕ್ಕಳ ಜೊತೆ ಆಡಿ ಆಡಿ ನನಗೆ ಅವರ ಮಾತು ಬರುತ್ತಿತ್ತು. ನಿಮಗೆ ಅಷ್ಟು ಬರುತ್ತಿರಲಿಲ್ಲ. ನೀವು ತಲೆಯಾಡಿಸಿ ತಿಂದಿರಿ.

ಮೇಯರರ ಮುಂದೆ ಬೈಬಲ್ ಮುಟ್ಟಿ ಇಷ್ಟನ್ನೂ ಹೇಳಿದ್ದೇನೆ. ಸಮುದ್ರದಿಂದ ತೊರೆಬಾಯಿಯ ಕಪ್ಪು ಬಂಡೆಯವರೆಗೆ ನನ್ನ ತಂದೆಯದು, ಅದಕ್ಕೆ ನನ್ನ ಬೆನ್ನು ಸಾಕ್ಷಿ. ಜಲಪಾತವನ್ನು ಯಾರಿಗೂ ಕೊಟ್ಟಿಲ್ಲ, ಅದಕ್ಕೆ ನನ್ನ ಕಿವಿ ಸಾಕ್ಷಿ. ಅವರು ಬರೆಸಿಕೊಂಡು ಕೇಳಿದರು, "ಇದರಿಂದ ನಿಮ್ಮಪ್ಪನಿಗೆ ನಷ್ಟ ಅಲ್ಲವೇನಮ್ಮಾ?" ನಾನು "ಗೊತ್ತು ಸ್ವಾಮಿ" ಅಂದೆ. ನನಗೇನು ನಷ್ಟವೆಂದು ಅವರು ಕೇಳಲಿಲ್ಲ.

ಮೊಹರು ಹಾಕಿದ ಹೇಳಿಕೆ ಇದರ ಜೊತೆಗಿದೆ. ಕೋರ್ಟಿಗೆ ಕೊಡುವುದು, ಹೊಳೆಗೆ ಎಸೆಯುವುದು ನಿಮಗೆ ಬಿಟ್ಟದ್ದು. ಎಸೆದರೆ ನಾನು ಯಾವತ್ತೂ ಕೇಳುವುದಿಲ್ಲ. ಆದರೆ ಬೇರೆ ಹೇಳಿಕೆ ನನ್ನಿಂದ ಬರುವುದಿಲ್ಲ.

ಕೋಣೆಯಲ್ಲಿ ಜೋಳವೇ ಇರಲಿ ಅಪ್ಪಾ. ಕಿಟಕಿ ಮಾತ್ರ ಮುಚ್ಚಬೇಡಿ.

ವಿಲ್ಮಟ್

*

ಬಿಡೆಫರ್ಡ್
ಫೆಬ್ರವರಿ 16, 1642

ಅಪ್ಪನಿಗೆ,

ಸೆಪ್ಟೆಂಬರಿನಲ್ಲಿ ಹೆಕ್ಸ್ಟ್ ಬಂದರು. ನಿಮ್ಮ ಕಾಗದ ಇರಲಿಲ್ಲ. ಕೇಳಿದ್ದಕ್ಕೆ, "ನಿನ್ನ ಪೊಟ್ಟಣ ಅವನ ಕೈ ಸೇರಿದ್ದನ್ನ ನಾನೇ ನೋಡಿದೆನಮ್ಮಾ. ಓದಿದ, ಮಡಿಸಿದ, ಜೋಳ ಬಿಡಿಸೋಕೆ ಹೋದ" ಅಂದರು. ಚಳಿಗಾಲವಿಡೀ ಯಾವ ಹಡಗೂ ಬರಲಿಲ್ಲ.

ಕೋರ್ಟಿನಲ್ಲಿ ಏನಾಯಿತೆಂದು ನಾನು ಕೇಳುತ್ತಿಲ್ಲ. ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ನೀವು ಆರೋಗ್ಯವಾಗಿದ್ದೀರಾ ಎಂದಷ್ಟೇ ಬರೆಯಿರಿ. ಒಂದು ಸಾಲು ಸಾಕು.

ಹೆಕ್ಸ್ಟ್ ಕೈಯಲ್ಲಿ ಒಂದು ತಟ್ಟೆ ಕಳಿಸುತ್ತಿದ್ದೇನೆ. ನಡುವೆ ಕಪ್ಪು ಬಂಡೆ, ಸುತ್ತ ಕಪ್ಪೆಗಳು. ಅತ್ತೆ ನೋಡಿ, "ಇದರಲ್ಲಿ ಉಣ್ಣೋನು ಎದೆಗಾರನೇ ಇರಬೇಕು" ಅಂದರು. ಆದರೆ ಆವಿಗೆಯಲ್ಲಿ ಬಿಸಿ ಸಮವಾಗಿ ತಾಗುವ ಜಾಗದಲ್ಲಿ ಅವರೇ ಇಟ್ಟು ಸುಟ್ಟರು.

ವಿಲ್ಮಟ್

*

ಕ್ಯಾಸ್ಕೊ ಕೊಲ್ಲಿ
ನವೆಂಬರ್ 3, 1641

ಮಗಳು ವಿಲ್ಮಟ್‌ಗೆ ಅಪ್ಪನ ಆಶೀರ್ವಾದ.

ಇದು ಬಾಸ್ಟನ್ ಮೂಲಕ ಸುತ್ತಿಕೊಂಡು ಬರಬೇಕು, ನಿನ್ನ ಕೈಗೆ ಯಾವಾಗ ಸಿಗುತ್ತದೋ ಗೊತ್ತಿಲ್ಲ. ಹೆಕ್ಸ್ಟ್ ಹೊರಟಾಗ ನನಗೆ ಬರೆಯಲು ಏನೂ ಇರಲಿಲ್ಲ. ತೀರ್ಮಾನ ಮಾಡಿರಲಿಲ್ಲ.

ನಿನ್ನ ಹೇಳಿಕೆಯನ್ನು ಮೊಹರು ಒಡೆಯದೆ ಅಟ್ಟದ ಮೇಲಿಟ್ಟಿದ್ದೆ. ಒಳಗೇನಿದೆ ಎಂದು ನೀನು ಬರೆದೇ ಇದ್ದೆ. ಎಸೆಯುವ ಯೋಚನೆ ಬಂದಿತ್ತು. ಎಸೆದಿದ್ದರೆ ಸಾಕ್ಷಿಯೇ ಇಲ್ಲದೆ ಎಲ್ಲವನ್ನೂ ಸೋಲುತ್ತಿದ್ದೆ, ಅದೂ ಗೊತ್ತಿತ್ತು. ಆದರೂ ನೀನು ಹೇಳಿದ ಹಾಗೇ ನಡೆದಿತ್ತೆಂದು ಒಪ್ಪುವುದು ನನಗೆ ಕಷ್ಟವಾಯಿತು.

ಸೆಪ್ಟೆಂಬರ್ ಕೊನೆಯಲ್ಲಿ ಜಲಪಾತಕ್ಕೆ ಹೋಗಿ ಒಲಮಾನನ ಅಕ್ಕನನ್ನು ಕಂಡೆ. ಮಗುವನ್ನು ಎತ್ತಿ ಕುಕ್ಕುವ ಹಾಗೆ ಕೈಯಲ್ಲಿ ಮಾಡಿ ತೋರಿಸಿ, "ಎಲ್ಲಿ?" ಎಂದು ಕೇಳಿದೆ. ಅವಳು ಮೀನು ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು ಎದ್ದಳು. ಮುದುಕಿ ನಡೆದೇ ನಡೆದಳು, ನಾನು ಹಿಂದೆ ಹಿಂದೆ. ತೊರೆಯ ಬಾಯಿಗೆ ಬಂದು, ಬಿಳಿ ಗೆರೆಯ ಕಪ್ಪು ಬಂಡೆಗೆ ಅಂಗೈಯಿಂದ ಒಂದೇಟು ಹೊಡೆದಳು. ಆಮೇಲೆ ನನ್ನ ಮುಖ ನೋಡಿದಳು. ಇಷ್ಟು ವರ್ಷ ಅವಳು ಏನು ಕೇಳುತ್ತಿದ್ದಳೆಂದು ಆಗ ತಿಳಿಯಿತು. ಆ ಮಗು ಎಲ್ಲಿ ಎಂದು ಕೇಳುತ್ತಿದ್ದಳು.

ನಿನ್ನ ಹೇಳಿಕೆಯನ್ನು ಕೋರ್ಟಿಗೆ ಕೊಟ್ಟೆ. ಮೊಹರು ಒಡೆದು ಓದತೊಡಗಿದಾಗ ಕ್ರೌಚ್ ನಕ್ಕ. "ಏನಯ್ಯಾ ಟಕೆಟ್, ಜಲಪಾತ ನಿನ್ನದಲ್ಲ ಅಂತ ನಿನ್ನ ಮಗಳೇ ಹೇಳ್ತಾಳೆ. ನನ್ನ ವಕೀಲಿಕೆ ಮಾಡೋಕೆ ಎಷ್ಟು ತಗೊಂಡಳು?" ಅಂದ. ಕೋರ್ಟಿನ ಅಧ್ಯಕ್ಷರು ಬಿಡೆಫರ್ಡಿನ ಪಕ್ಕದ ಟಾರಿಂಗ್ಟನ್ ಕಡೆಯ ಮುದುಕರು. "ಪೂರ್ತಿ ಕೇಳಿ ನಗು ಮಾರಾಯ" ಅಂದು ಮುಂದೆ ಓದಿದರು. ಒಲಮಾನನ ಮಾತು ಬಂದಾಗ ಕ್ರೌಚ್ ಎದ್ದು, "ಅವನ ಮಾತಿಗೆ ಪ್ರಮಾಣವಿಲ್ಲ" ಅಂದ. ಅಧ್ಯಕ್ಷರು, "ಪ್ರಮಾಣ ಮಾಡಿದವಳು ಹುಡುಗಿ. ಅವಳು ಕೇಳಿಸಿಕೊಂಡದ್ದು ಇದು" ಅಂದರು. ಬಂಡೆಯ ಭಾಗ ಬಂದಾಗ ಬೆನ್ನು ಮುಟ್ಟಿಕೊಂಡು, "ನನ್ನನ್ನ ಕುಕ್ಕಿದ್ದು ಗಿರಣಿ ಹತ್ತಿರದ ಕಲ್ಲಿಗೆ" ಅಂದರು. ಆ ಮೇಲೆ ಕ್ರೌಚನ ಸನ್ನದನ್ನು ಯಾರೂ ಹೆಚ್ಚು ಹೊತ್ತು ನೋಡಲಿಲ್ಲ.

ತೀರ್ಪು ಹೀಗಿದೆ. ಸಮುದ್ರದಿಂದ ತೊರೆಬಾಯಿಯ ಬಂಡೆಯವರೆಗೆ ನನ್ನದು. ಮನೆ ಉಳಿಯಿತು, ನಿನ್ನ ಅಮ್ಮ ಉಳಿದಳು. ಜಲಪಾತ ಸದ್ಯಕ್ಕೆ ನನಗೂ ಇಲ್ಲ, ಕ್ರೌಚನಿಗೂ ಇಲ್ಲ. ಒಲಮಾನನ ಜನ ಯಾವಾಗಿನಂತೆ ಮೀನು ಹಿಡಿಯಬಹುದು. ಲಂಡನ್ನಿನಿಂದ ಇನ್ನೂ ದೊಡ್ಡ ಕಾಗದ ತರುತ್ತೇನೆಂದು ಕ್ರೌಚ್ ಹೇಳಿ ಹೋದ. ತರುತ್ತಾನೆ. ಈ "ಸದ್ಯಕ್ಕೆ" ಎಷ್ಟು ಕಾಲ ನಿಲ್ಲುತ್ತದೋ ನನಗೆ ತಿಳಿಯದು. ಒಲಮಾನನಿಗೆ ಹೇಳಿದೆ. ಅವನು, "ನಮ್ಮದನ್ನ ನಮಗೆ ಬಿಟ್ಟದ್ದಕ್ಕೆ ನಾನು ನಿನಗೆ ಏನು ಕೊಡಬೇಕು?" ಅಂದ.

ಜಲಪಾತದ ಮಳಿಗೆಯನ್ನು ಬಿಚ್ಚಿ ಹಲಗೆಗಳನ್ನು ಕೆಳಗೆ ತಂದೆ. ತೊಗಲಿನ ವ್ಯಾಪಾರ ಮುಗಿದಂತೆಯೇ.

ಗೆದ್ದರೆ ಕರೆಸುತ್ತೇನೆ ಎಂದು ಬರೆದಿದ್ದೆ. ಗೆದ್ದೆನೋ ಸೋತೆನೋ ಹೇಳುವುದು ಕಷ್ಟ. ಕೋಣೆಯಲ್ಲಿದ್ದ ಜೋಳವನ್ನು ಅಟ್ಟಕ್ಕೆ ಹಾಕಿದ್ದೇನೆ. ನಿನಗೆ ಇಷ್ಟವಿದ್ದರೆ, ಅಕ್ಕ ಬಿಡುವುದಾದರೆ, ಹೆಕ್ಸ್ಟ್‌ನ ಹಡಗಿನಲ್ಲಿ ಬಾ.

ಸೇಬು ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ಆದರೂ ತಿನ್ನುತ್ತೇನೆ.

ಅಪ್ಪ

*

ಕ್ಯಾಸ್ಕೊ ಕೊಲ್ಲಿ
ಜುಲೈ 2, 1642

ಅತ್ತೆಗೆ ವಿಲ್ಮಟ್‌ಳ ನಮಸ್ಕಾರಗಳು. ಇದನ್ನು ಓದಿ ಹೇಳುವ ಪಾದ್ರಿಗಳಿಗೂ ನಮಸ್ಕಾರ. ಅತ್ತೆ ನಡುವೆ ಬೈದರೆ ನಿಲ್ಲಿಸಬೇಡಿ ಸ್ವಾಮಿ, ಓದುತ್ತಾ ಹೋಗಿ.

ಅಪ್ಪನ ಕಾಗದ ಬಂದಾಗ ಎದುರುಗಾಳಿಗೆ ಹೆಕ್ಸ್ಟ್‌ನ ಹಡಗು ಸೇತುವೆ ಹತ್ತಿರವೇ ನಿಂತಿದ್ದದ್ದು ನನ್ನ ಅದೃಷ್ಟವೋ ನಿಮ್ಮ ದುರದೃಷ್ಟವೋ. ನಾನು ಬರೆದಿಟ್ಟ ಕಾಗದವೂ ಆ ತಟ್ಟೆಯೂ ನನ್ನ ಜೊತೆಯಲ್ಲೇ ಕಡಲು ದಾಟಿದವು. ಹೊರಡುವ ದಿನ ನೀವು ದಡಕ್ಕೆ ಬರಲಿಲ್ಲ. ಆವಿಗೆ ಬಿಟ್ಟು ಬರೋಕಾಗಲ್ಲ ಅಂದಿರಿ. ಆವಿಗೆಯಲ್ಲಿ ಆ ದಿನ ಬೆಂಕಿ ಇರಲಿಲ್ಲ ಅತ್ತೆ, ನಾನು ಗೇಟು ದಾಟುವಾಗ ನೋಡಿದೆ. "ಹೋಗು, ತಟ್ಟೆ ಒಡೀಬೇಡ" ಅಂದಿರಿ. ಒಡೆದಿಲ್ಲ.

ಇಲ್ಲಿ ಇಳಿದಾಗ ಅಪ್ಪ ದಡದಲ್ಲಿರಲಿಲ್ಲ. ಹೆಕ್ಸ್ಟ್ ಯಾರನ್ನೋ ವಿಚಾರಿಸಿ ಬಂದು, "ತೊರೆ ಹತ್ತಿರ ಇದ್ದಾನಂತೆ. ಹಡಗು ಕಂಡಾಗಿನಿಂದ ಅಲ್ಲೇ ಕೂತಿದ್ದಾನಂತೆ, ಹೋಗು" ಅಂದರು. ದಾರಿ ಕೇಳಬೇಕಾಗಲಿಲ್ಲ. ಹೊಳೆಯ ದಡದಲ್ಲಿ ನಡೆಯುತ್ತಾ ಹೋದ ಹಾಗೆ ಒಂದೊಂದೂ ಇಟ್ಟ ಜಾಗದಲ್ಲೇ ಸಿಕ್ಕಿತು. ಹೊಳೆಯ ಕಡೆಯ ಬಾಗಿಲು, ಚಿಪ್ಪುಗಳು, ಸೇಬಿನ ಗಿಡ, ಕಿಟಕಿ.

ಅಪ್ಪ ಬಂಡೆಯ ಮೇಲೆ ಕೂತಿದ್ದರು. ನೀವು ಹೇಳುತ್ತಿದ್ದಷ್ಟು ಎತ್ತರದ ಮನುಷ್ಯ ಅಲ್ಲ ಅತ್ತೆ. ನನ್ನನ್ನು ಕಂಡು ಎದ್ದರು. ನಾನೇ ಮೊದಲು, "ಮತ್ತೆ ಕುಕ್ಕೋದಾದರೆ ಈಗ ನಾಲ್ಕು ಜನ ಬೇಕಾಗ್ತಾರೆ ಅಪ್ಪಾ" ಅಂದೆ. ಅವರು ನಗಲಿಲ್ಲ. ಒಂದು ಎಲೆಯ ಪೊಟ್ಟಣ ಬಿಚ್ಚಿದರು. ಒಳಗೆ ಹೊಗೆಯಲ್ಲಿ ಒಣಗಿಸಿದ ಮೀನು. ಒಲಮಾನನ ಅಕ್ಕ ಕಳಿಸಿದ್ದಂತೆ. ಪ್ರತಿ ವರ್ಷ ನನ್ನ ಹೆಸರಿಗೆ ಒಂದು ತುಂಡು ಎತ್ತಿಡುತ್ತಿದ್ದರಂತೆ, ಅಪ್ಪನಿಗೆ ಅದು ಯಾರಿಗೆ ಎಂದು ಈಗ ಗೊತ್ತಾದದ್ದು. ಅಪ್ಪ ಅದನ್ನು ಮುರಿದು ನನ್ನ ಕೈಗೆ ಕೊಟ್ಟರು.

"ನೆನಪಿರಲಿ ಅಂತ" ಅಂದರು.

ಬಂಡೆಯ ಮೇಲೆ ಪಕ್ಕದಲ್ಲಿ ಕೂತು ತಿಂದೆವು.

ಈಗ ಹೊಳೆ ಕಾಣುವ ಕಿಟಕಿಯ ಮುಂದೆ ಕೂತು ಬರೆಯುತ್ತಿದ್ದೇನೆ. ಇಷ್ಟು ವರ್ಷ ಅಲ್ಲಿ ಕೂತು ಈ ಹೊಳೆಯನ್ನು ಗೀರಿದೆ. ನಿನ್ನೆ ಒಂದು ಹಲಗೆಯ ಮೇಲೆ ಇದ್ದಿಲಿನಿಂದ ಏನೋ ಗೀರುತ್ತಿದ್ದೆ. ಅಪ್ಪ ಬಗ್ಗಿ ನೋಡಿ, "ಇದು ಬಿಡೆಫರ್ಡ್ ಸೇತುವೆ ಅಲ್ಲವಾ?" ಅಂದರು. ಹೌದು, ಅದೇ. ಸೇತುವೆ, ಅದರಾಚೆ ನಿಮ್ಮ ಆವಿಗೆಯ ಹೊಗೆ. ಗೊತ್ತಿಲ್ಲದೆಯೇ ಗೀರಿದ್ದೆ. ಇಲ್ಲಿ ಬೆಳಗ್ಗೆ ಎಚ್ಚರವಾದ ಕೂಡಲೇ ತಿಗರಿಯ ಸದ್ದಿಗೆ ಕಿವಿಗೊಡುತ್ತೇನೆ. ಇಲ್ಲವೆಂದು ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಆ ದಿನದ ಮೀನಿನಲ್ಲಿ ನನ್ನ ಪಾಲು ಪೂರ್ತಿ ತಿನ್ನಲಿಲ್ಲ ಅತ್ತೆ. ಅರ್ಧ ಎತ್ತಿಟ್ಟೆ. ಹೆಕ್ಸ್ಟ್ ಕೈಯಲ್ಲಿ ಕಳಿಸುತ್ತಿದ್ದೇನೆ, ಕೆಡುವುದಿಲ್ಲ. ಒಳಗೆ ಕೂತು ತಿನ್ನಬೇಡಿ. ಗೇಟಿನ ಪಕ್ಕದ ಎಲ್ಲೆಕಲ್ಲಿನ ಮೇಲೆ ಕೂತು ತಿನ್ನಿ.

ನಿಮ್ಮ
ವಿಲ್ಮಟ್